ಹಾಟ್‌ಸ್ಪಾಟ್‌ನಲ್ಲಿ ಮಾತಿನ ಲೆಕ್ಕ

ಮಕ್ಕಳೇ, ಅಜ್ಜಿಯ ಮೊಬೈಲಿನಲ್ಲಿ ಡೇಟಾ ಮುಗಿದಿದೆ ಎನ್ನಿ. ಅಕ್ಕನ ಮೊಬೈಲಿನಲ್ಲಿ ಹಾಟ್‌ಸ್ಪಾಟ್ ಹಾಕಿದರೆ ಅಜ್ಜಿ ತನ್ನ ಮೊಬೈಲಿನಿಂದಲೇ ಇಂಟರ್ನೆಟ್ ಕರೆ ಮಾಡಬಹುದು. ಆಗ ಖರ್ಚಾಗುವುದು ಯಾರ ಡೇಟಾ? ಅಕ್ಕನದು! ಅವಳ ಮೊಬೈಲು ಟವರಿನಿಂದ ಡೇಟಾ ಪಡೆದು, ವೈ-ಫೈ ಎಂಬ ರೇಡಿಯೋ ಅಲೆಗಳ ಮೂಲಕ ಅಜ್ಜಿಗೆ ಹಂಚುತ್ತದೆ.

ಮಾತು ಡೇಟಾ ಆಗುವುದು ಹೇಗೆ? ಮೈಕ್ರೊಫೋನು ಧ್ವನಿಯನ್ನು ವಿದ್ಯುತ್ ಸಂಕೇತವಾಗಿ ಬದಲಿಸುತ್ತದೆ. 1972ರಲ್ಲಿ ಬಂದ ಜಿ.711 ಎಂಬ ವಿಧಾನದಲ್ಲಿ ಆ ಸಂಕೇತವನ್ನು ಸೆಕೆಂಡಿಗೆ 8,000 ಸಲ ಅಳೆಯಲಾಗುತ್ತದೆ. ಪ್ರತಿ ಅಳತೆಗೆ 1 ಬೈಟ್. ನಿಮಿಷಕ್ಕೆ 8,000 × 60 = 4,80,000 ಬೈಟ್, ಅಂದರೆ ಸುಮಾರು ಅರ್ಧ ಎಂಬಿ. ಆ ಕಡೆಯಿಂದ ಬರುವ ಮಾತಿಗೂ ಅಷ್ಟೇ ಬೇಕು. ಒಟ್ಟು ಸುಮಾರು 1 ಎಂಬಿ! ಈಗಿನ ಆ್ಯಪ್‌ಗಳು ಧ್ವನಿಯ ಡೇಟಾವನ್ನು ಕುಗ್ಗಿಸಿ ಕಳುಹಿಸುವುದರಿಂದ ಇದಕ್ಕಿಂತ ಕಡಿಮೆ ಸಾಕು. ವಿಡಿಯೋ ಕರೆಗೆ ಮಾತ್ರ ಹಲವು ಪಟ್ಟು ಹೆಚ್ಚು ಬೇಕು.

ನೆನಪಿಡಿ: ಅಕ್ಕನ ಡೇಟಾ ಮುಗಿದರೆ ಅಥವಾ ಅವಳು ಮೊಬೈಲು ಹಿಡಿದು ದೂರ ಹೋದರೆ ಅಜ್ಜಿಯ ಕರೆ ಕಡಿದುಹೋಗುತ್ತದೆ. ಆದ್ದರಿಂದ ಅಪಾಯದ ಹೊತ್ತಿನಲ್ಲಿ ಆ್ಯಪ್ ತೆರೆಯಬೇಡಿ. ಸಾಮಾನ್ಯ ಕರೆಯಲ್ಲೇ 112 ಒತ್ತಿ. ಅದಕ್ಕೆ ಡೇಟಾ ಬೇಡ.

ಲೆಕ್ಕ ಮಾಡಿ: ಅಕ್ಕನ ಬಳಿ 90 ಎಂಬಿ ಉಳಿದಿದೆ. ನಿಮಿಷಕ್ಕೆ 1 ಎಂಬಿಯಂತೆ ಅಜ್ಜಿ 25 ನಿಮಿಷ ಮಾತನಾಡಿದರೆ ಉಳಿಯುವುದೆಷ್ಟು?