ತಪ್ಪು ಯಾರದು ಎಂದು ಕೇಳುವ ಮುನ್ನ

ಬ್ಯಾಂಕ್ ಶಾಖೆಗಳ ತಪಾಸಣೆಗೆಂದು ಊರೂರು ತಿರುಗಿದ ವರ್ಷಗಳಲ್ಲಿ ನನಗೆ ಸಿಕ್ಕ ಕಳ್ಳರು ಕಡಿಮೆ. ಅವಸರಕ್ಕೆ, ಅಂಜಿಕೆಗೆ, ರೂಢಿಗೆ ಸಿಕ್ಕಿಬಿದ್ದ ಒಳ್ಳೆಯ ನೌಕರರೇ ಹೆಚ್ಚು. ಅವರ ಸ್ವಭಾವ ತಿದ್ದುವುದು ಯಾರಿಂದಲೂ ಆಗದು. ಕೆಲಸದ ಏರ್ಪಾಟನ್ನು ಮಾತ್ರ ಖಂಡಿತ ತಿದ್ದಬಹುದು.

1. ಕೆಲಸದ ಹೊತ್ತಿನಲ್ಲೇ ಹೋಗಿ ನೋಡಿ.
ತಿಂಗಳ ಮೊದಲ ವಾರ. ಪಿಂಚಣಿದಾರರ ಸಾಲು ಬಾಗಿಲು ದಾಟಿದೆ. ವೋಚರನ್ನು ಒಬ್ಬರು ನಮೂದಿಸಬೇಕು, ಇನ್ನೊಬ್ಬರು ನೋಡಿ ಪಾಸ್ ಮಾಡಬೇಕು. ಪಾಸ್ ಮಾಡುವ ಅಧಿಕಾರಿ ಫೋನಿನಲ್ಲಿದ್ದಾರೆ. "ಸರ್, ನಾನೇ ಹಾಕ್ಲಾ?" ಎಂದು ಕೌಂಟರಿನಿಂದ ಕೂಗು. ಅವರು ಕೈಸನ್ನೆ ಮಾಡುತ್ತಾರೆ. ಅವರ ಪಾಸ್‌ವರ್ಡ್ ಬರೆದ ಚೀಟಿ ಕೀಬೋರ್ಡಿನ ಕೆಳಗಿದೆ, ಎಲ್ಲರಿಗೂ ಗೊತ್ತು. ನಾನು ಕಂಡ ಒಂದು ಶಾಖೆಯಲ್ಲಿ ಇದು ಮಾಮೂಲಿ. ಆ ಶಾಖೆಗೆ ಸುತ್ತೋಲೆಗಳ ಕೊರತೆ ಇರಲಿಲ್ಲ. ಆ ಒಂದು ವಾರಕ್ಕೆ ಪಾಸ್ ಮಾಡಲು ಇನ್ನೊಬ್ಬ ಅಧಿಕಾರಿ ಬೇಕಿತ್ತು, ಅಷ್ಟೇ.

2. ಗುರಿ ಹೇರುವ ಮೊದಲು ಅದರ ಅಡ್ಡದಾರಿಗಳನ್ನು ಹುಡುಕಿ.
ಅಮೆರಿಕದ ವೆಲ್ಸ್ ಫಾರ್ಗೊ ಬ್ಯಾಂಕ್ ಒಬ್ಬೊಬ್ಬ ಗ್ರಾಹಕರಿಗೂ ಎಂಟೆಂಟು ಸೇವೆ ಮಾರುವ ಗುರಿ ಇಟ್ಟಿತ್ತು. ಒತ್ತಡಕ್ಕೆ ಸಿಕ್ಕ ಸಿಬ್ಬಂದಿ ಗ್ರಾಹಕರಿಗೆ ತಿಳಿಯದಂತೆ ಖಾತೆ ತೆರೆದರು. 2016ರಲ್ಲಿ 18.5 ಕೋಟಿ ಡಾಲರ್ ದಂಡ ಬಿತ್ತು. ಆ ಹೊತ್ತಿಗೆ ಕೆಲಸ ಕಳೆದುಕೊಂಡವರು ಸುಮಾರು 5,300 ಮಂದಿ. ಸಾವಿರಾರು ಜನ ಒಂದೇ ತಪ್ಪು ಮಾಡಿದ್ದರೆ ಮೊದಲು ಗುರಿಯನ್ನೇ ವಿಚಾರಣೆಗೆ ನಿಲ್ಲಿಸಬೇಕು.

3. ಕಿರಿಯರ "ನಿಲ್ಲಿಸಿ"ಗೆ ಬಲ ಕೊಡಿ.
2010ರ ಮೇ 22. ದುಬೈನಿಂದ ಬಂದ ವಿಮಾನ ಮಂಗಳೂರಿನ ಬಜ್ಪೆಯಲ್ಲಿ ರನ್‌ವೇ ದಾಟಿ ಕಣಿವೆಗೆ ಬಿತ್ತು. 158 ಜನ ಹೋದರು. ಇಳಿಸದೆ ಮತ್ತೆ ಮೇಲೇರಲು ಸಹಪೈಲಟ್ ಮೂರು ಸಲ ಹೇಳಿದ್ದರು, ಆದರೂ ಕ್ಯಾಪ್ಟನ್ ಮುಂದುವರಿದರು ಎಂದು ತನಿಖಾ ವರದಿ ದಾಖಲಿಸಿದೆ. ಕರಾವಳಿಯ ಎಷ್ಟೋ ಮನೆಗಳಲ್ಲಿ ಆ ನೋವು ಇನ್ನೂ ಆರಿಲ್ಲ. ಹಿರಿಯರಿಗೆ ಎದುರಾಡಬಾರದು ಎಂದು ಕಲಿತು ಬೆಳೆದವರು ನಾವು. ಹಾಗಾಗಿ "ಧೈರ್ಯವಾಗಿ ಹೇಳಿ" ಎಂಬ ಭಾಷಣ ಸಾಲದು. ಯಾವ ಸ್ಥಿತಿಯಲ್ಲಿ ಕಿರಿಯರು ಬೇಡವೆಂದರೆ ಕೆಲಸ ನಿಲ್ಲಲೇಬೇಕು ಎಂಬುದನ್ನು ಮೊದಲೇ ಬರೆದಿಡಿ, ಹಿರಿಯರ ಸಹಿ ಹಾಕಿಸಿ. ಸಭೆಗಳಲ್ಲಿ ಸಾಹೇಬರು ಕೊನೆಗೆ ಮಾತಾಡಲಿ. ಮೊದಲೇ ಮಾತಾಡಿದರೆ ಉಳಿದವರು ತಲೆಯಾಡಿಸುತ್ತಾರೆ.

4. ತಪ್ಪೊಪ್ಪಿಕೊಂಡವರಿಗೆ ಮೊದಲು ಥ್ಯಾಂಕ್ಸ್ ಹೇಳಿ.
ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕಿ ಏಮಿ ಎಡ್ಮಂಡ್ಸನ್ ಆಸ್ಪತ್ರೆಗಳಲ್ಲಿ ಔಷಧಿ ಕೊಡುವಾಗಿನ ತಪ್ಪುಗಳನ್ನು ಅಧ್ಯಯನ ಮಾಡಿದಾಗ, ಒಳ್ಳೆಯ ತಂಡಗಳಲ್ಲೇ ಹೆಚ್ಚು ತಪ್ಪು ದಾಖಲಾಗಿದ್ದವು. ಅಲ್ಲಿನ ನರ್ಸ್‌ಗಳು ಹೆದರದೆ ಹೇಳಿಕೊಳ್ಳುತ್ತಿದ್ದರು ಎಂಬುದು ಆಮೇಲೆ ತಿಳಿಯಿತು. ನಿಮ್ಮ ಕಚೇರಿಯಲ್ಲೂ ಅಷ್ಟೇ: ಮೋಸದ ಲಿಂಕ್ ಒತ್ತಿದ ಹುಡುಗಿ ಐದೇ ನಿಮಿಷಕ್ಕೆ ಓಡಿಬಂದು ಹೇಳಿದರೆ ನಿಮ್ಮ ಹಣ ಉಳಿಯಬಹುದು. ಬೈಗುಳದ ಭಯಕ್ಕೆ ಸಂಜೆವರೆಗೆ ಸುಮ್ಮನಿದ್ದರೆ?

5. ರಜೆ ಕಡ್ಡಾಯ ಮಾಡಿ.
ಸೂಕ್ಷ್ಮ ಹುದ್ದೆಯ ಬ್ಯಾಂಕ್ ನೌಕರರನ್ನು ವರ್ಷಕ್ಕೊಮ್ಮೆ, ಮುನ್ಸೂಚನೆ ಇಲ್ಲದೆ, ಒಟ್ಟಿಗೆ ಕನಿಷ್ಠ 10 ಕೆಲಸದ ದಿನ ರಜೆಯ ಮೇಲೆ ಕಳಿಸಬೇಕೆಂಬುದು ರಿಸರ್ವ್ ಬ್ಯಾಂಕಿನ ನಿಯಮ. ಆ ಮೇಜಿಗೆ ಬೇರೊಬ್ಬರು ಕೂತಾಗ ಮುಚ್ಚಿದ್ದು ಹೊರಬರುತ್ತದೆ. ರಜೆಯನ್ನೇ ಹಾಕದವರನ್ನು ಹೊಗಳುವ ಅಭ್ಯಾಸ ಬಿಡೋಣ.

6. "ಇಷ್ಟು ದಿನ ಏನೂ ಆಗಿಲ್ಲವಲ್ಲ" ಎಂದಾಗ ಕಿವಿ ನಿಮಿರಲಿ.
ಅಮೆರಿಕದ ಬಾಹ್ಯಾಕಾಶ ನೌಕೆ ಚಾಲೆಂಜರ್‌ನ ರಾಕೆಟ್‌ಗಳಲ್ಲಿ ಬಳಸಿದಂಥ ರಬ್ಬರ್ ಉಂಗುರಗಳು ಹಿಂದಿನ ಹಾರಾಟಗಳಲ್ಲೂ ಸವೆದಿದ್ದವು. ಪ್ರತಿ ಸಲ ಸುರಕ್ಷಿತವಾಗಿ ಮರಳಿದಾಗಲೂ ಆ ಲೋಪ ಇನ್ನಷ್ಟು ಸಹಜವೆನಿಸಿತು. ಚಳಿಯಲ್ಲಿ ಹಾರಿಸಬೇಡಿ ಎಂದು ಎಂಜಿನಿಯರುಗಳು ಹಿಂದಿನ ರಾತ್ರಿ ಬೇಡಿಕೊಂಡರು. ಆದರೂ 1986ರ ಜನವರಿ 28ರಂದು ಹಾರಿಸಿದರು, ನೌಕೆಯಲ್ಲಿದ್ದ ಏಳೂ ಜನ ಸತ್ತರು. ನಾಳೆ ಬೆಳಿಗ್ಗೆ ನಿಮ್ಮ ಕಚೇರಿಯ ತುರ್ತು ಬಾಗಿಲ ಬಳಿ ಹೋಗಿ. ಅದಕ್ಕೆ ಅಡ್ಡಲಾಗಿ ಪೇರಿಸಿದ ರಟ್ಟಿನ ಪೆಟ್ಟಿಗೆಗಳು ಯಾವಾಗಿನಿಂದ ಅಲ್ಲಿವೆ ಎಂದು ಕೇಳಿ.