ಬೈಗುಳದಿಂದ ಹೆರಿಗೆ ಸಲೀಸಾಗುವುದಿಲ್ಲ

ಪ್ರಶ್ನೆ: ನನಗೆ 22 ವರ್ಷ, ಚೊಚ್ಚಲು, ಎಂಟನೇ ತಿಂಗಳು. ನನ್ನ ಅಕ್ಕನಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಯಾಗುವಾಗ ತೊಡೆಗೆ ಹೊಡೆದರಂತೆ, ಹೊಟ್ಟೆಯನ್ನು ಜೋರಾಗಿ ಒತ್ತಿದರಂತೆ. ಕೇಳಿದಾಗಿನಿಂದ ನಿದ್ದೆಯಿಲ್ಲ. ಸಾಲ ಮಾಡಿ ಖಾಸಗಿಗೆ ಹೋಗಲೇ? ಮನೆಗೇ ಸೂಲಗಿತ್ತಿಯನ್ನು ಕರೆಸಲೇ?
– ಹೆಸರು ಬೇಡ, ಗಂಗಾವತಿ

ಉತ್ತರ: ಮನೆ ಹೆರಿಗೆಯ ಯೋಚನೆಯನ್ನು ಈ ತಂಗಿ ಇವತ್ತೇ ಬಿಡಬೇಕು. ಹೆತ್ತ ಮೇಲೆ ರಕ್ತ ಹರಿಯಲು ಶುರುವಾದರೆ ಆಸ್ಪತ್ರೆ ತಲುಪುವಷ್ಟು ಸಮಯವೂ ಸಿಗದೇ ಹೋಗಬಹುದು. ಸೂಲಗಿತ್ತಿ ಎಷ್ಟೇ ಪಳಗಿದವಳಾದರೂ ಅವಳ ಬಳಿ ರಕ್ತದ ಬಾಟಲಿ ಇರುವುದಿಲ್ಲ. ಸಾಲದ ವಿಚಾರಕ್ಕೆ ಬಂದರೆ, 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಖಾಸಗಿ ಆಸ್ಪತ್ರೆಗಳ ಹೆರಿಗೆಗಳಲ್ಲಿ ಶೇ 47ರಷ್ಟು ಸಿಸೇರಿಯನ್. ಸರ್ಕಾರಿಯಲ್ಲಿ ಶೇ 14. ಒಳ್ಳೆಯ ಮಾತಿಗೆಂದು ಸಾಲ ಮಾಡಿ ಹೋದವರು ಹೊಲಿಗೆ ಹಾಕಿಸಿಕೊಂಡು ಬರುವುದೂ ಉಂಟು.

ಅಕ್ಕನಿಗೆ ಆದದ್ದು ಅನ್ಯಾಯ, ಅದರಲ್ಲಿ ಎರಡು ಮಾತಿಲ್ಲ. ಹೊಡೆಯುವುದು ಯಾವ ವೈದ್ಯ ಪುಸ್ತಕದಲ್ಲೂ ಇಲ್ಲ. ಮಗು ಹೊರಬರಲೆಂದು ಹೊಟ್ಟೆ ಒತ್ತುವುದು ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ 2018ರ ಮಾರ್ಗಸೂಚಿಯಲ್ಲೇ ಹೇಳಿದೆ. ಗರ್ಭಕೋಶ ಹರಿಯಬಹುದು, ಸೀಳು ಗುದದ್ವಾರದವರೆಗೂ ಹೋಗಬಹುದು. ಕೇಂದ್ರ ಸರ್ಕಾರ 2017ರ ಡಿಸೆಂಬರ್‌ನಲ್ಲಿ ಶುರು ಮಾಡಿದ ‘ಲಕ್ಷ್ಯ’ ಕಾರ್ಯಕ್ರಮ ಹೆರಿಗೆ ಕೋಣೆಗಳಿಗೆ ಅಂಕ ಕೊಡುತ್ತದೆ. ಮಂಚಕ್ಕೆ ಪರದೆ ಇದೆಯೇ, ಜೊತೆಗಾತಿಯನ್ನು ಬಿಡುತ್ತಾರೆಯೇ, ಗರ್ಭಿಣಿಯ ಮೇಲೆ ಕೈ ಮಾಡುವುದು, ಬೈಯುವುದು ನಡೆಯುತ್ತದೆಯೇ ಎಂಬುದೆಲ್ಲ ಅಲ್ಲಿ ಪರೀಕ್ಷೆಗೆ ಬರುತ್ತದೆ. ಹತ್ತಿರದ ಯಾವ ಆಸ್ಪತ್ರೆ ಲಕ್ಷ್ಯ ಪ್ರಮಾಣಪತ್ರ ಪಡೆದಿದೆ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ, ನೋವು ಬರುವ ಮೊದಲೇ ಒಮ್ಮೆ ಹೋಗಿ ವಾರ್ಡು ನೋಡಿ ಬರುವುದು ಜಾಣತನ.

ಇಷ್ಟು ಭಯ ಬರೆದ ಪತ್ರದಲ್ಲಿ ಹಿಮೋಗ್ಲೋಬಿನ್ ಎಷ್ಟಿದೆ ಎಂಬ ಒಂದು ಸಾಲಿಲ್ಲ! ಕರ್ನಾಟಕದ ಗರ್ಭಿಣಿಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. 11ಕ್ಕಿಂತ ಕಡಿಮೆಯಿದ್ದರೆ ಚಿಕಿತ್ಸೆ, 7ಕ್ಕಿಂತ ಕೆಳಗಿದ್ದರೆ ರಕ್ತ ಸಿಗುವ ದೊಡ್ಡ ಆಸ್ಪತ್ರೆಯೇ ಆಗಬೇಕು. ಬಿಪಿ, ಮೂತ್ರದಲ್ಲಿ ಪ್ರೋಟೀನ್, ಸಕ್ಕರೆ ಪರೀಕ್ಷೆಗಳೂ ಈ ವಾರವೇ ಆಗಲಿ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ವಿಶೇಷ ತಪಾಸಣೆ ಇರುತ್ತದೆ, ದುಡ್ಡಿಲ್ಲ.

ಪ್ರಶ್ನೆ: ಹೋದ ಸಲ ಮಗಳು ಒಳಗೆ ಕಿರುಚುತ್ತಿದ್ದರೆ ನನ್ನನ್ನು ಬಾಗಿಲ ಹೊರಗೇ ಕೂರಿಸಿದರು. ಈ ಸಲವಾದರೂ ಬಿಡುತ್ತಾರೆಯೇ?
– ಒಬ್ಬ ತಾಯಿ, ಹಿರಿಯೂರು

ಉತ್ತರ: ಬಿಡಬೇಕು. ಹೆರಿಗೆ ಕೋಣೆಗೆ ಒಬ್ಬ ಜೊತೆಗಾತಿಯನ್ನು ಸೇರಿಸಲು ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲೇ ಒಪ್ಪಿದೆ. ತಾನೂ ಹೆತ್ತು ಅನುಭವವಿರುವ ಹೆಣ್ಣುಮಗಳಾದರೆ ಒಳ್ಳೆಯದು, ಸೋಂಕು ರೋಗ ಇರಬಾರದು, ಮಡಿಯಾದ ಬಟ್ಟೆ ಬೇಕು, ಚಿಕಿತ್ಸೆಯಲ್ಲಿ ಕೈ ಹಾಕಬಾರದು. 17 ದೇಶಗಳ 15 ಸಾವಿರಕ್ಕೂ ಹೆಚ್ಚು ಹೆಂಗಸರ ಮೇಲೆ ನಡೆದ 26 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದಾಗ, ಕೊನೆಯವರೆಗೂ ಪಕ್ಕದಲ್ಲಿ ಒಬ್ಬರಿದ್ದವರಿಗೆ ನೋವಿನ ಹೊತ್ತು ಕಡಿಮೆಯಾಗಿತ್ತು, ಸಿಸೇರಿಯನ್ನೂ ಕಡಿಮೆಯಾಗಿತ್ತು.

ಆದರೆ ಒಳಗೆ ಹೋದ ತಾಯಿಯೇ, ಮಗಳ ಗರ್ಭಕೋಶದ ಬಾಯಿ ಪೂರ್ತಿ ತೆರೆಯುವ ಮೊದಲು ‘ಮುಕ್ಕು, ಮುಕ್ಕು’ ಎಂದು ಅವಸರ ಮಾಡಬಾರದು. ಎರಡು ವಾರದಿಂದ ಕೆಮ್ಮಿದ್ದರೆ ಮೊದಲು ಕಫ ಪರೀಕ್ಷೆ ಮಾಡಿಸಿಕೊಳ್ಳಲಿ. ಹಾಗೆಯೇ, ಬಾಣಂತಿಗೆ ನೀರು ಕೊಟ್ಟರೆ ಹೊಟ್ಟೆ ಬರುತ್ತದೆ ಎಂಬ ಪುರಾಣವನ್ನು ಬಾಗಿಲ ಹೊರಗೇ ಬಿಟ್ಟು ಬರಲಿ.

ಪ್ರಶ್ನೆ: ನಮ್ಮ ಬಡಾವಣೆಯಲ್ಲಿ ಕಟ್ಟಡ ಕೆಲಸಕ್ಕೆ ಬಂದ ರಾಯಚೂರು ಕಡೆಯ ಹೆಣ್ಣುಮಗಳಿಗೆ ದಿನ ತುಂಬಿದೆ. ತಾಯಿ ಕಾರ್ಡ್ ಇಲ್ಲ, ಆಧಾರ್ ಊರಲ್ಲಿದೆ. ಆಸ್ಪತ್ರೆಯವರು ಸೇರಿಸಿಕೊಳ್ಳದಿದ್ದರೆ?
– ಓದುಗ, ಬೆಂಗಳೂರು

ಉತ್ತರ: ಸೇರಿಸಿಕೊಳ್ಳದಿರುವ ಹಕ್ಕು ಯಾರಿಗೂ ಇಲ್ಲ. 2022ರ ನವೆಂಬರ್‌ನಲ್ಲಿ ತುಮಕೂರಿನಲ್ಲಿ ಕಾರ್ಡ್ ಇಲ್ಲವೆಂದು ಆಸ್ಪತ್ರೆಯಿಂದ ವಾಪಸು ಹೋದ ತುಂಬು ಗರ್ಭಿಣಿ ಮನೆಯಲ್ಲೇ ಹೆತ್ತು, ಅವಳಿ ಶಿಶುಗಳೊಂದಿಗೆ ತೀರಿಕೊಂಡರು. ಸಿಬ್ಬಂದಿ ಅಮಾನತಾದರು, ಹೋದ ಮೂರು ಜೀವ ಹೋದವೇ. ನೋವು ಬಂದ ಕೂಡಲೇ 108ಕ್ಕೆ ಕರೆ ಮಾಡಿ, ಈ ಓದುಗರೂ ಜೊತೆಗೆ ಹೋಗಲಿ. ಪಕ್ಕದಲ್ಲಿ ಕೇಳುವವರೊಬ್ಬರಿದ್ದರೆ ಬಾಗಿಲಲ್ಲಿ ಮಾತಿನ ಧಾಟಿಯೇ ಬದಲಾಗುತ್ತದೆ, ಇದು ನಾಚಿಕೆಯ ಸಂಗತಿಯಾದರೂ ನಿಜ. ಅದಕ್ಕೂ ಮೊದಲು, ನಾಳೆಯೇ, ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಕಾರ್ಡ್ ಮಾಡಿಸಿ. ಕಾರ್ಡ್ ಗೇಟ್ ಪಾಸ್ ಅಲ್ಲ. ರಕ್ತದ ಗುಂಪು, ಹಿಮೋಗ್ಲೋಬಿನ್, ಎಚ್‌ಐವಿ, ಸಿಫಿಲಿಸ್, ಹೆಪಟೈಟಿಸ್ ಬಿ ಫಲಿತಾಂಶಗಳು ನಡುರಾತ್ರಿಯ ವೈದ್ಯರಿಗೆ ಒಂದೇ ನೋಟಕ್ಕೆ ಸಿಗುವುದು ಅದರಿಂದಲೇ.

ಪ್ರಶ್ನೆ: ನಾನು ತಾಲ್ಲೂಕು ಆಸ್ಪತ್ರೆಯ ಸ್ಟಾಫ್ ನರ್ಸ್. ರಾತ್ರಿ ಪಾಳಿಗೆ ಇಬ್ಬರೇ. ಮೆತ್ತಗೆ ಹೇಳಿದರೆ ಯಾರೂ ಮುಕ್ಕುವುದಿಲ್ಲ, ಗದರಿದರೆ ಮಗು ಬರುತ್ತದೆ. ಅವರ ಒಳ್ಳೆಯದಕ್ಕೇ ಗದರುವುದರಲ್ಲಿ ತಪ್ಪೇನು?
– ಹೆಸರು ಬೇಡ

ಉತ್ತರ: ಸಿಸ್ಟರ್ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ, ಉತ್ತರವೂ ಹಾಗೇ ಇರಲಿ. ಗದರಿದ ಮೇಲೆ ಮಗು ಬಂತು, ಆದ್ದರಿಂದ ಗದರಿದ್ದಕ್ಕೇ ಬಂತು ಎನ್ನುವುದು ತನ್ನ ಕೋಳಿ ಕೂಗಿದ್ದರಿಂದಲೇ ಊರಿಗೆ ಬೆಳಗಾಯಿತು ಎಂದ ಅಜ್ಜಿಯ ಲೆಕ್ಕ. ಗರ್ಭಕೋಶದ ಬಾಯಿ ತೆರೆದು, ತಲೆ ಕೆಳಗಿಳಿದಿದ್ದರೆ ಮೆತ್ತಗೆ ಹೇಳಿದರೂ ಮಗು ಬರುತ್ತಿತ್ತು.

ನೋವು ಬರಿಸುವ ಆಕ್ಸಿಟೋಸಿನ್ ಹೆಂಗಸಿನ ಮೆದುಳಿನಿಂದಲೇ ಬರುತ್ತದೆ. ಹೆದರಿದರೆ ಅಡ್ರಿನಲಿನ್ ಏರುತ್ತದೆ, ಗರ್ಭಕೋಶದ ಬಿಗಿತ ಸಡಿಲಾಗುತ್ತದೆ, ಹೆರಿಗೆ ನಿಧಾನವಾಗುತ್ತದೆ. ನಿಧಾನವಾಯಿತೆಂದು ಡ್ರಿಪ್ ಏರಿಸುತ್ತಾರೆ, ನೋವು ತಡೆಯಲಾರದಷ್ಟಾಗುತ್ತದೆ, ಅವಳು ಕಿರುಚುತ್ತಾಳೆ, ಕಿರುಚಿದ್ದಕ್ಕೆ ಮತ್ತೆ ಬೈಗುಳ! ಗಂಟೆಗೊಂದು ಸೆಂಟಿಮೀಟರ್ ಬಾಯಿ ತೆರೆಯಲೇಬೇಕು ಎಂಬ ಹಳೆಯ ಅಳತೆಗೋಲನ್ನು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲೇ ಕೈಬಿಟ್ಟಿದೆ. 5 ಸೆಂಟಿಮೀಟರ್ ಆಗುವವರೆಗೆ ಸಕ್ರಿಯ ಹಂತವೇ ಶುರುವಾಗಿಲ್ಲ ಎನ್ನುತ್ತದೆ ಆ ಮಾರ್ಗಸೂಚಿ. ಅಂದರೆ ‘ಇನ್ನೂ ಎಷ್ಟೊತ್ತೇ’ ಎಂದು ಬೈಸಿಕೊಳ್ಳುವ ಅನೇಕರಿಗೆ ತಡವಾಗಿಯೇ ಇರುವುದಿಲ್ಲ.

ಘಾನಾ, ಗಿನಿ, ನೈಜೀರಿಯಾಗಳಲ್ಲಿ ಸಂಶೋಧಕರು 2,016 ಹೆಂಗಸರ ಹೆರಿಗೆಯನ್ನು ಪಕ್ಕದಲ್ಲೇ ನಿಂತು ದಾಖಲಿಸಿದರು. 2019ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಆ ವರದಿಯಂತೆ ಹತ್ತರಲ್ಲಿ ನಾಲ್ವರು ಹೊಡೆತವನ್ನೋ ಬೈಗುಳವನ್ನೋ ತಾರತಮ್ಯವನ್ನೋ ಅನುಭವಿಸಿದ್ದರು. ಮಗು ಹುಟ್ಟುವ ಅರ್ಧ ಗಂಟೆ ಮುಂಚಿನಿಂದ ಹುಟ್ಟಿದ ಕಾಲು ಗಂಟೆಯವರೆಗೆ ಅದು ಅತಿ ಹೆಚ್ಚು. ಚಿಕ್ಕ ವಯಸ್ಸಿನವರ, ಓದದವರ ಮೇಲೆಯೇ ಜಾಸ್ತಿ. ನಿಜಕ್ಕೂ ಒಳ್ಳೆಯದಕ್ಕೇ ಗದರುವುದಾದರೆ ತಹಸೀಲ್ದಾರರ ಹೆಂಡತಿಯನ್ನೂ ಹಾಗೇ ಗದರಬೇಕಿತ್ತಲ್ಲವೇ?

ಇಬ್ಬರೇ ನರ್ಸ್‌ಗಳೆಂಬ ಸಂಕಟ ಸುಳ್ಳಲ್ಲ. ಅದನ್ನು ಆಡಳಿತ ವೈದ್ಯಾಧಿಕಾರಿಗೆ ಬರವಣಿಗೆಯಲ್ಲಿ ಕೊಡಬೇಕು, ಮಂಚದ ಮೇಲಿರುವವಳ ತೊಡೆಗಲ್ಲ. ಮುಕ್ಕುವ ಹಂತದಲ್ಲಿ ಐದು ನಿಮಿಷಕ್ಕೊಮ್ಮೆ ಮಗುವಿನ ಎದೆಬಡಿತ ಕೇಳಬೇಕು. ಗದರುವ ಉಸಿರನ್ನು ಅದಕ್ಕೆ ಉಳಿಸಿಕೊಂಡರೆ ಸಾಕು.

ಪ್ರಶ್ನೆ: ಗಂಡು ಮಗು ಎಂದು ಹೇಳಲು ಆಯಾ 1,000 ರೂಪಾಯಿ ಕೇಳಿದರು. ಹೆಣ್ಣಾದರೆ 500 ಅಂತೆ. ಕೊಟ್ಟೆವು. ದೂರು ಕೊಡಬಹುದೇ?
– ಒಬ್ಬ ತಂದೆ, ಮಳವಳ್ಳಿ

ಉತ್ತರ: ಕೊಡಲೇಬೇಕು. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಹೆರಿಗೆ, ಸಿಸೇರಿಯನ್, ಔಷಧಿ, ಪರೀಕ್ಷೆ, ರಕ್ತ, ಊಟ, ಮನೆಗೆ ಬಿಡುವ ವಾಹನ ಎಲ್ಲವೂ ಉಚಿತ. 104ಕ್ಕೆ ಕರೆ ಮಾಡಿ, ಆಸ್ಪತ್ರೆಯ ಮುಖ್ಯಸ್ಥರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಲಂಚದ ದೂರಿಗೆ ಲೋಕಾಯುಕ್ತವೂ ಇದೆ. ಖುಷಿಗೆಂದು ಒಬ್ಬರು ಕೊಟ್ಟದ್ದೇ ಮುಂದಿನ ಮನೆಯವರಿಗೆ ದರಪಟ್ಟಿಯಾಗುತ್ತದೆ. ಹೆಣ್ಣಿಗೆ ಅರ್ಧ ಬೆಲೆ ಎಂಬ ಲೆಕ್ಕವನ್ನು ಆಯಾಗೆ ಕಲಿಸಿದವರೂ ನಮ್ಮ ಮನೆಗಳವರೇ. ದೂರಿನ ಗಡಿಬಿಡಿಯಲ್ಲಿ ಬಾಣಂತಿಯನ್ನು ಮರೆಯಬೇಡಿ: 42 ದಿನದೊಳಗೆ ಆಕೆಯ ಬಿಪಿ, ಹಿಮೋಗ್ಲೋಬಿನ್, ಮಗುವಿನ ತೂಕ ಮತ್ತೆ ನೋಡಿಸಿ.