ತೋಟ ಕೊಟ್ಟರಷ್ಟೇ ಸಾಲದು



ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆಯಿಂದ ಬಂದವರು ನಮ್ಮಲ್ಲಿ ಭಾಳ ಮಂದಿ ಇದ್ದೀವಿ. ಶಹಾಬಾದ್ ಕಲ್ಲು ಹಾಸಿದ ನೆಲದ ಮೇಲೆ ಕೂತು ಓದಿದವರು ನಾವು. ಒಂದು ಟನ್ ಕ್ಲಿಂಕರ್ ತಯಾರಾಗಲು ಸುಮಾರು 1.5 ಟನ್ ಸುಣ್ಣಕಲ್ಲು ಬೇಕು ಅಂತ ಪಾಠದಲ್ಲಿ ಬರುತ್ತೆ. ಅಷ್ಟು ಕಲ್ಲು ತೆಗೆದ ಜಾಗದಲ್ಲಿ ಒಂದು ಗುಂಡಿ ಉಳಿಯುತ್ತೆ ಅನ್ನೋದು ಪಾಠದಲ್ಲಿ ಬರಲ್ಲ. ಕೆಲಸ ಮುಗಿದ ಗಣಿ ಊರಿಗೊಂದು ಪಾರ್ಕ್ ಆದರೆ ಹೇಗೆ? ಅದಕ್ಕೆ ಮೊದಲು, ಖಾಸಗಿ ಜಾಗ ಜನರ ಪಾರ್ಕ್ ಆಗೋದು ಹೇಗೆ ಅಂತ ತಿಳಿಯಬೇಕು. ಎರಡು ಉದಾಹರಣೆ ನೋಡೋಣ.

ಹತ್ತಿರದ್ದು: ಲಾಲ್‌ಬಾಗ್

ಲಾಲ್‌ಬಾಗ್ ಮೊದಲು ಜನರದ್ದಾಗಿರಲಿಲ್ಲ. 1760ರಲ್ಲಿ ಹೈದರ್ ಅಲಿ ಸುಮಾರು 40 ಎಕರೆಯಲ್ಲಿ ಮಾಡಿಸಿದ ಅರಮನೆ ತೋಟ ಅದು. ಟಿಪ್ಪು ಸುಲ್ತಾನ್ ಹೊರದೇಶಗಳಿಂದ ಸಸಿ, ಬೀಜ ತರಿಸಿ ಬೆಳೆಸಿದ. 1799ರಲ್ಲಿ ಟಿಪ್ಪು ಮಡಿದ ಮೇಲೆ ತೋಟ ಇಂಗ್ಲಿಷರ ಕೈಗೆ ಹೋಯ್ತು. 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಯ್ತು. 1889ರಲ್ಲಿ ಗಾಜಿನ ಮನೆಗೆ ಅಡಿಗಲ್ಲು ಬಿತ್ತು. ಈಗ ವಿಸ್ತೀರ್ಣ 240 ಎಕರೆ. ಒಂದೇ ದಿನದಲ್ಲಿ ಅದು ಜನರ ಸ್ವತ್ತಾಗಲಿಲ್ಲ. ಆದ ಮೇಲೂ ಕಾಯೋ ಕೆಲಸ ಮುಗಿಯಲಿಲ್ಲ. 1975ರಲ್ಲಿ ಸರ್ಕಾರಿ ಉದ್ಯಾನಗಳ ಸಂರಕ್ಷಣೆಗೆ ಅಂತಲೇ ಕರ್ನಾಟಕ ಕಾಯ್ದೆ ತಂದಿತು. 2025ರಲ್ಲಿ ಸುರಂಗ ರಸ್ತೆಗೆ ಲಾಲ್‌ಬಾಗಿನ ಜಾಗ ಬೇಕು ಅನ್ನೋ ಮಾತು ಬಂದಾಗ ಬೆಂಗಳೂರಿನ ಜನ ಮತ್ತೆ ದನಿ ಎತ್ತಬೇಕಾಯ್ತು.

ದೂರದ್ದು: ಗ್ರಿಫಿತ್ ಪಾರ್ಕ್

ಅಮೆರಿಕದ ಲಾಸ್ ಏಂಜಲೀಸ್‌ನ ಗ್ರಿಫಿತ್ ಪಾರ್ಕ್ ನೇರವಾಗಿ ದಾನದಿಂದ ಬಂದದ್ದು. ವೇಲ್ಸ್‌ನಲ್ಲಿ ಹುಟ್ಟಿದ ಗ್ರಿಫಿತ್ ಜೆ. ಗ್ರಿಫಿತ್ ಗಣಿ ವ್ಯವಹಾರದಲ್ಲಿ ಹಣ ಮಾಡಿ ದೊಡ್ಡ ಎಸ್ಟೇಟ್ ಕೊಂಡ. 1896ರ ಡಿಸೆಂಬರ್‌ನಲ್ಲಿ ಅದರಲ್ಲಿ 3,015 ಎಕರೆಯನ್ನು ಸಾಮಾನ್ಯ ಜನರ ವಿಹಾರಕ್ಕೆ ಅಂತ ನಗರಕ್ಕೆ ಕೊಟ್ಟ. ದಾನಿ ದೇವರಂಥವನು ಅಂದ್ಕೋಬೇಡಿ. 1903ರಲ್ಲಿ ಹೆಂಡತಿಗೇ ಗುಂಡು ಹಾರಿಸಿದ. ಆಕೆ ಬದುಕಿದಳು, ಒಂದು ಕಣ್ಣು ಹೋಯ್ತು. ಇವನು ಜೈಲಿಗೆ ಹೋದ. 1912ರಲ್ಲಿ ಖಗೋಳ ವೀಕ್ಷಣಾಲಯ ಕಟ್ಟಲು ಹಣ ಕೊಡ್ತೀನಿ ಅಂದಾಗ ಇಂಥವನ ದುಡ್ಡು ಬೇಡ ಅನ್ನುವವರೂ ಇದ್ದರು. 1919ರಲ್ಲಿ ಅವನು ತೀರಿಕೊಂಡ. ಆದರೆ ಉಯಿಲಿನಲ್ಲಿ ಹಣ ತೆಗೆದಿಟ್ಟಿದ್ದ. 1935ರಲ್ಲಿ ವೀಕ್ಷಣಾಲಯ ಬಾಗಿಲು ತೆರೆಯಿತು. ಇವತ್ತಿಗೂ ಒಳಗೆ ಹೋಗಲು, ದೂರದರ್ಶಕದಲ್ಲಿ ಆಕಾಶ ನೋಡಲು ಟಿಕೆಟ್ ಇಲ್ಲ. ಕೊಟ್ಟವನ ಹೆಸರು ಕೆಟ್ಟರೂ ಕೊಡುಗೆ ಕೆಡಲಿಲ್ಲ. ಯಾಕಂದ್ರೆ ಅದು ಬಾಯಿಮಾತಿನಲ್ಲಿ ಇರಲಿಲ್ಲ, ಬರಹದಲ್ಲಿತ್ತು.

ನಮಗೇನು ಪಾಠ?

ಮೊದಲನೆಯದು ಕಾಗದ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ ಪ್ರಕಾರ ಜಮೀನು ದಾನಕ್ಕೆ ನೋಂದಾಯಿತ ಪತ್ರ ಬೇಕು, ಕನಿಷ್ಠ ಇಬ್ಬರು ಸಾಕ್ಷಿಗಳ ಸಹಿ ಬೇಕು. ಪಡೆಯುವವರು ದಾನಿ ಬದುಕಿರುವಾಗಲೇ ಒಪ್ಪಿಕೊಳ್ಳಬೇಕು. "ಊರಿಗೆ ಬಿಟ್ಟೀನಿ ತಗೋರಿ" ಅಂದರೆ ಆಗಲ್ಲ. ಗಣಿ ಜಾಗ ಗುತ್ತಿಗೆಯದಾದರೆ ಕಂಪನಿ ಅದನ್ನು ದಾನ ಮಾಡಲಿಕ್ಕೂ ಬರಲ್ಲ. ಮೊದಲು ಮಾಲೀಕರು ಯಾರು ನೋಡಬೇಕು. ಸುಣ್ಣಕಲ್ಲಿನಂಥ ದೊಡ್ಡ ಗಣಿ ಮುಚ್ಚುವಾಗ ಅಂತಿಮ ಮುಚ್ಚುವಿಕೆ ಯೋಜನೆ ಸಲ್ಲಿಸಲೇಬೇಕು. ಊರಿನವರ ಮಾತು ಆ ಹೊತ್ತಿಗೆ ಮುಂಚೆಯೇ ಮುಟ್ಟಬೇಕು.

ಎರಡನೆಯದು ನಿರ್ವಹಣೆ. ಗ್ರಿಫಿತ್ ಜಮೀನಿನ ಜೊತೆ ಹಣವನ್ನೂ ಬಿಟ್ಟುಹೋದ. ಮಾಲಿ, ನೀರು, ಕಾವಲು ಇಲ್ಲದ ಪಾರ್ಕ್‌ನಲ್ಲಿ ಎರಡೇ ವರ್ಷದಲ್ಲಿ ಜಾಲಿ ಬೆಳೆಯುತ್ತೆ.

ಮೂರನೆಯದು ನಮ್ಮ ಕೆಲಸ. ಕಡಿದಾದ ಅಂಚನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸೋದು, ಬೇಲಿ ಹಾಕೋದು, ನಿಂತ ನೀರಿನ ಆಳ ಅಳೆಯೋದು, ಬರೀ ಕಲ್ಲಿನ ಮೇಲೆ ಮಣ್ಣು ಕೂಡಿಸೋದು. ಇದೆಲ್ಲಾ ಸಿವಿಲ್‌ನವರ ಲೆಕ್ಕ. ಇಷ್ಟಾಗದೆ ಮಕ್ಕಳನ್ನು ಅಲ್ಲಿ ಆಡಲು ಬಿಡೋದು ಅಪಾಯ.

ಮುಂದಿನ ರಜೆಗೆ ಊರಿಗೆ ಹೋದಾಗ ನಿಮ್ಮೂರಿನ ಒಂದು ಹಳೇ ಗಣಿಯನ್ನು ಅಂಚಿನಿಂದ ದೂರ ನಿಂತು ನೋಡಿ ಬನ್ನಿ. ಸರ್ವೆ ನಂಬರ್ ಯಾವುದು, ಪಹಣಿಯಲ್ಲಿ ಯಾರ ಹೆಸರಿದೆ, ನೀರು ಎಷ್ಟು ತಿಂಗಳು ನಿಲ್ಲುತ್ತೆ ಅಂತ ಬರೆದು ತನ್ನಿ. ಪಾರ್ಕ್ ಆಗುತ್ತೋ ಇಲ್ಲವೋ ಆಮೇಲಿನ ಮಾತು, ಮೊದಲು ಪಟ್ಟಿ ಆಗಲಿ.